ಗೆಳೆಯನಿಗೊಂದು ಪತ್ರ: ಕೆರೆಯ ಮೇಲೆ ಗಾಡಿ ಓಡಿಸುವವನಿಗೆ

ಪ್ರಿಯ ಗೆಳೆಯಾ,

ನೀನು ಕಳಿಸಿದ ವಿಡಿಯೋವನ್ನು ನಾನು ನೋಡಿದ್ದು ಮಾಗಡಿ ಕೆರೆಯ ಏರಿಯ ಮೇಲೆ ಕುಳಿತು. ಶಿರಹಟ್ಟಿಯ ಹತ್ತಿರ ಕೆಟ್ಟು ನಿಂತಿದ್ದ ಒಂದು ಲಾರಿಯ ಪಾಟಾ, ಅಂದರೆ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್, ಬದಲಿಸಲು ಹೋಗಿದ್ದೆ. ಕೆಲಸ ಬೇಗ ಮುಗಿಯಿತು. ಜೊತೆಗಿದ್ದ ಹುಡುಗ, ‘ಹೆಬ್ಬಾತುಗಳು ಬಂದಿವೆಯಂತೆ, ನೋಡಿಯೇ ಹೋಗೋಣ’ ಎಂದು ಹಟ ಹಿಡಿದ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆಗಳ ಆ ಹಕ್ಕಿಗಳು ನಿನಗೆ ನೆನಪಿರಬೇಕು. ಮಂಗೋಲಿಯಾ, ಟಿಬೆಟ್ ಕಡೆಯ ಕೆರೆಗಳು ಹೆಪ್ಪುಗಟ್ಟಿದವೆಂದು ಹಿಮಾಲಯ ದಾಟಿ ನಮ್ಮ ಗದಗ ಜಿಲ್ಲೆಗೆ ಬಂದು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. 2024ರಲ್ಲಿ ಈ ಕೆರೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹೆಪ್ಪುಗಟ್ಟಿದ ನೀರಿನ ಸಹವಾಸವೇ ಬೇಡವೆಂದು ಅವು ಸಾವಿರಾರು ಮೈಲಿ ಹಾರಿ ಬಂದು ನನ್ನ ಮುಂದೆ ಈಜುತ್ತಿದ್ದವು. ಕೈಯಲ್ಲಿದ್ದ ಮೊಬೈಲ್‌ನಲ್ಲಿ ನೀನು ಅದೇ ಹೆಪ್ಪಿನ ಮೇಲೆ ಪಿಕಪ್ ಓಡಿಸುತ್ತ ನಗುತ್ತಿದ್ದೆ. ‘ಕೆಳಗೆ ಮೂವತ್ತು ಅಡಿ ನೀರಿದೆ ನೋಡೋ’ ಎಂಬ ಮಾತು ಬೇರೆ.

ಈ ಉತ್ತರವನ್ನು ನಿನಗೊಬ್ಬನಿಗೇ ಬರೆಯಬಹುದಿತ್ತು. ನಮ್ಮ ಹೈಸ್ಕೂಲಿನ ಗುಂಪಿನವರೆಲ್ಲ ನಿನ್ನ ವಿಡಿಯೋ ನೋಡಿ ಚಪ್ಪಾಳೆ ತಟ್ಟಿದ್ದಾರೆ, ಆದ್ದರಿಂದ ಅವರೂ ಓದಲಿ ಎಂದು ಬಹಿರಂಗವಾಗಿಯೇ ಹಾಕುತ್ತಿದ್ದೇನೆ. ಸಿಟ್ಟಾಗಬೇಡ. ಮೊಟ್ಟೆಯೂ ಒಳಗೆ ಬಾರದ ಮನೆಯಲ್ಲಿ ಬೆಳೆದವನು ಅಮೆರಿಕದ ಮಿನ್ನೆಸೋಟದಲ್ಲಿ ಹೆಪ್ಪುಗಟ್ಟಿದ ಕೆರೆಗೆ ರಂಧ್ರ ಕೊರೆದು ಮೀನು ಹಿಡಿಯುತ್ತಿದ್ದಾನೆ ಎಂಬ ಸುದ್ದಿಯನ್ನು ನಿಮ್ಮ ಅವ್ವನಿಗೆ ನಾನಂತೂ ಹೇಳುವುದಿಲ್ಲ.

ಮೊದಲು ನನಗೆ ನಂಬಿಕೆಯೇ ಬರಲಿಲ್ಲ. ಎರಡೂವರೆ ಟನ್ ತೂಗುವ ಗಾಡಿಯನ್ನು ಒಂದೂಕಾಲು ಅಡಿ ದಪ್ಪದ ಮಂಜುಗಡ್ಡೆ ಹೊರುತ್ತದೆ ಎಂದರೆ ಗ್ಯಾರೇಜಿನವನ ತಲೆಗೆ ಸುಲಭವಾಗಿ ಹೋಗುವುದಿಲ್ಲ. ಆ ರಾತ್ರಿ ಹುಬ್ಬಳ್ಳಿಗೆ ಬಂದ ಮೇಲೆ ಕುಳಿತು ಓದಿದೆ, ಮರುದಿನವೂ ಓದಿದೆ. ಆಮೇಲೆ ಒಂದು ವಿಷಯ ತಿಳಿಯಿತು. ಗಾಡಿಯನ್ನು ಹೊರುವುದು ಮಂಜುಗಡ್ಡೆಯಲ್ಲ, ಅದರ ಕೆಳಗಿನ ನೀರು. ಮಂಜುಗಡ್ಡೆ ಕೆಲಸ ಮಾಡುವುದು ಪಾಟಾದಂತೆ. ಭಾರ ಬಿದ್ದಲ್ಲಿ ಬಾಗುತ್ತದೆ, ಆ ಭಾರವನ್ನು ಸುತ್ತಲೂ ಹಂಚುತ್ತದೆ, ಬಾಗಿದ ತಟ್ಟೆಯ ಕೆಳಗೆ ಪಕ್ಕಕ್ಕೆ ಸರಿದ ನೀರು ಮೇಲಕ್ಕೆ ಒತ್ತುತ್ತದೆ. ದಪ್ಪ ಇಮ್ಮಡಿಯಾದರೆ ಹೊರುವ ಶಕ್ತಿ ಸುಮಾರು ನಾಲ್ಕು ಪಟ್ಟಾಗುತ್ತದೆ. ನಾಲ್ಕು ಅಂಗುಲದ ಮೇಲೆ ಮನುಷ್ಯ ನಡೆಯಬಹುದಾದರೆ ಹದಿಮೂರರ ಮೇಲೆ ಗಾಡಿ ಏಕೆ ಹೋಗುತ್ತದೆ ಎಂಬುದು ಆ ಲೆಕ್ಕದಿಂದ ಹೊಳೆಯಿತು. ಇಪ್ಪತ್ತೆಂಟು ವರ್ಷಗಳಿಂದ ಪಾಟಾ ಕಟ್ಟುತ್ತಿದ್ದೇನೆ. ಪಾಟಾ ಎಂದು ತಿಳಿದ ಮೇಲೆ ಒಂದು ತರಹದ ಧೈರ್ಯ ಬಂತು, ಅದರ ಹಿಂದೆಯೇ ಭಯವೂ ಬಂತು. ಪಾಟಾ ಯಾವಾಗ ಮುರಿಯುತ್ತದೆ ಎಂಬುದು ನನಗೆ ಗೊತ್ತಲ್ಲ.

ಆಮೇಲೆ ನಿನ್ನ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ನೀನು ರಂಧ್ರ ಕೊರೆಯುವ ಭಾಗವಿದೆಯಲ್ಲ, ಅಲ್ಲಿ ಆಗರ್ ಎಂಬ ಆ ಕೊರೆಯುವ ಯಂತ್ರದಿಂದ ಮೊದಲು ಮೇಲೆ ಬಂದ ಪುಡಿ ಹಾಲಿನಂತೆ ಬಿಳಿಯಾಗಿದೆ. ಸ್ವಲ್ಪ ಹೊತ್ತಿನ ಮೇಲೆ ಗಾಜಿನ ಚೂರಿನಂಥದ್ದು ಬಂದಿದೆ. ‘ಹದಿನಾರು ಅಂಗುಲ ಇದೆ’ ಎಂದು ನೀನು ಟೇಪು ಹಿಡಿದು ಹೆಮ್ಮೆಯಿಂದ ತೋರಿಸಿದೆ. ನಿಮ್ಮ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯವರೇ ಹೇಳುವಂತೆ ನಡೆಯಲು 4 ಅಂಗುಲ, ಸ್ನೋಮೊಬೈಲ್ ಎಂಬ ಹಿಮದ ಸ್ಕೂಟರಿಗೆ 5ರಿಂದ 7, ಸಣ್ಣ ಕಾರಿಗೆ 9ರಿಂದ 10, ಪಿಕಪ್‌ಗೆ 13, ಇನ್ನೂ ಭಾರದ್ದಕ್ಕೆ 16-17 ಬೇಕು. ಇದೆಲ್ಲ ತಿಳಿಯಾದ, ಹೊಸ ಮಂಜುಗಡ್ಡೆಯ ಲೆಕ್ಕ. ಹಿಮ ನೆನೆದು ಹೆಪ್ಪುಗಟ್ಟಿದ ಬಿಳಿ ಪದರವಾದರೆ ದಪ್ಪ ಎರಡರಷ್ಟು ಬೇಕು ಎನ್ನುತ್ತಾರೆ. ನನ್ನ ಕಣ್ಣಳತೆಯಲ್ಲಿ ನಿನ್ನ ಹದಿನಾರರಲ್ಲಿ ಆರು ಬಿಳಿ. ಆರನ್ನು ಮೂರೆಂದು ಹಿಡಿ. ನಿನ್ನ ಹದಿನಾರು ಹದಿಮೂರಾಯಿತು. ಅಂದರೆ ನೀನು ಗೆರೆಯ ಮೇಲೆಯೇ ನಿಂತಿದ್ದೆ, ಗೆರೆಯೊಳಗಲ್ಲ. ಜೊತೆಗೆ ಗಾಡಿಯಲ್ಲಿ ಮೂವರು, ಹೀಟರು, ಆಗರ್, ಮೀನಿನ ಮನೆ ಎಂದು ನೀನು ಕರೆಯುವ ಆ ಗುಡಾರ.

ಇದಕ್ಕಿಂತ ಹೆಚ್ಚು ಬೆಚ್ಚಿದ್ದು ಸ್ಪೀಡೋಮೀಟರ್ ನೋಡಿ. ಹನ್ನೊಂದನೆಯ ಸೆಕೆಂಡಿನಲ್ಲಿ ಕ್ಯಾಮೆರಾ ಒಂದು ಸಲ ಒಳಗೆ ತಿರುಗುತ್ತದೆ. ಮುಳ್ಳು 22 ಮೈಲಿಯ ಮೇಲಿದೆ, ಎಂದರೆ ಗಂಟೆಗೆ 35 ಕಿಲೋಮೀಟರ್. ಹುಬ್ಬಳ್ಳಿಯಲ್ಲಿ ಆ ವೇಗಕ್ಕೆ ಹಿಂದಿನ ಆಟೋದವನು ಹಾರ್ನ್ ಹೊಡೆಯುತ್ತಾನೆ. ನಿನ್ನಲ್ಲಿ ಅದೇ ಅತ್ಯಂತ ಕೆಟ್ಟ ವೇಗ. ಗಾಡಿ ಸಾಗುವಾಗ ಅದರ ಕೆಳಗಿನ ತಗ್ಗೂ ಜೊತೆಗೆ ಸಾಗುತ್ತದೆ, ನೀರಿನಲ್ಲಿ ಅಲೆ ಏಳುತ್ತದೆ. ಆ ಅಲೆಗೆ ತನ್ನದೇ ವೇಗವಿದೆ, ಅದು ನೀರಿನ ಆಳವನ್ನು ಅವಲಂಬಿಸಿದ್ದು. ಎರಡು ಮೀಟರ್ ನೀರಿನಲ್ಲಿ ಗಂಟೆಗೆ ಸುಮಾರು 16 ಕಿಲೋಮೀಟರ್, ಒಂಬತ್ತು ಮೀಟರ್‌ನಲ್ಲಿ ಸುಮಾರು 34. ನಿನ್ನ ಮೂವತ್ತು ಅಡಿ ಎಂದರೆ ಒಂಬತ್ತು ಮೀಟರ್ ತಾನೇ? ಗಾಡಿಯ ವೇಗ, ಅಲೆಯ ವೇಗ ಎರಡೂ ಒಂದಾದರೆ ಅಲೆ ಮುಂದೆ ಹೋಗಲಾರದು, ಹಿಂದೆ ಉಳಿಯಲಾರದು, ನಿನ್ನ ಕೆಳಗೆಯೇ ಬೆಳೆಯುತ್ತ ಹೋಗುತ್ತದೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ದೂಡಿದ ಹಾಗೆ.

ಇದು ನನ್ನ ಕಲ್ಪನೆ ಎಂದುಕೊಳ್ಳಬೇಡ. ಎಸ್ಟೋನಿಯಾದಲ್ಲಿ ಚಳಿ ಸಾಕಷ್ಟಿದ್ದ ವರ್ಷ ಹಿಯುಮಾ ದ್ವೀಪಕ್ಕೆ ಸಮುದ್ರದ ಹೆಪ್ಪಿನ ಮೇಲೆಯೇ ರಸ್ತೆ ತೆರೆಯುತ್ತಾರೆ, 25 ಕಿಲೋಮೀಟರಿಗೂ ಉದ್ದ. ಅಲ್ಲಿ ಗಂಟೆಗೆ 25 ಕಿಲೋಮೀಟರಿಗಿಂತ ನಿಧಾನವಾಗಿ ಹೋಗಬೇಕು, ಇಲ್ಲವೇ 40ರಿಂದ 70ರ ನಡುವೆ ಹೋಗಬೇಕು. ನಡುವಿನ ವೇಗ ನಿಷಿದ್ಧ. ಸೀಟ್ ಬೆಲ್ಟ್ ಹಾಕುವುದೂ ನಿಷಿದ್ಧ! ನಮ್ಮ ಚೆನ್ನಮ್ಮ ವೃತ್ತದಲ್ಲಿ ಬೆಲ್ಟ್ ಇಲ್ಲವೆಂದು ದಂಡ ಕಟ್ಟಿದವರಿಗೆ ಈ ಸುದ್ದಿ ತಿಳಿಸಬೇಕು. ಹಿಂದೆ ಎರಡನೆಯ ಮಹಾಯುದ್ಧದಲ್ಲಿ ರಷ್ಯಾದ ಲೆನಿನ್‌ಗ್ರಾಡ್‌ಗೆ ಮುತ್ತಿಗೆ ಬಿದ್ದಾಗ, 1941ರ ನವೆಂಬರ್‌ನಿಂದ, ಲಾಡೋಗಾ ಸರೋವರದ ಹೆಪ್ಪಿನ ಮೇಲೆಯೇ ಲಾರಿಗಳು ಊರಿಗೆ ಹಿಟ್ಟು ಸಾಗಿಸಿದವು. ಬಾಂಬು ಬೀಳದೆಯೂ ಲಾರಿಗಳು ಮುಳುಗುತ್ತಿದ್ದವು. ಮಂಜುಗಡ್ಡೆಯ ಕಂಪನ ಅಳೆದು ನೋಡಿದಾಗ ಸಿಕ್ಕ ಕಳ್ಳ ಈ ಅಲೆಯೇ. ಮುಳುಗಿದರೆ ಜಿಗಿಯಲು ಸಿದ್ಧವಾಗಿರಬೇಕೆಂದು ಅಲ್ಲಿನ ಚಾಲಕರು ಆ ಚಳಿಯಲ್ಲೂ ಬಾಗಿಲು ತೆರೆದಿಟ್ಟುಕೊಂಡೇ ಓಡಿಸಿದರಂತೆ. ನಿನ್ನ ವಿಡಿಯೋದಲ್ಲಿ ಗಾಜು ಏರಿದೆ, ಬೆಲ್ಟ್ ಬಿಗಿದಿದೆ, ಹಾಡು ಹಾಕಿದೆ.

ನಿಲ್ಲಿಸಿದ ಗಾಡಿಯದು ಬೇರೆಯೇ ಕಥೆ. ಭಾರ ಒಂದೇ ಕಡೆ ಬಹಳ ಹೊತ್ತು ಕುಳಿತರೆ ಮಂಜುಗಡ್ಡೆ ಹಳೆಯ ಪಾಟಾದಂತೆ ನಿಧಾನವಾಗಿ ಇಳಿಬೀಳುತ್ತದೆ. ಎರಡು ಗಂಟೆಗೊಮ್ಮೆ ಗಾಡಿಯ ಜಾಗ ಬದಲಿಸಿ, ಗಾಡಿಯಿಂದ ಗಾಡಿಗೆ ಐವತ್ತು ಅಡಿ ಬಿಡಿ ಎನ್ನುವುದು ಇದಕ್ಕಾಗಿಯೇ. ಇದನ್ನು ಪರೀಕ್ಷಿಸುವ ಉಪಾಯವೊಂದಿದೆ, ಓದಿದ್ದರಲ್ಲೆಲ್ಲ ನನಗೆ ಅತಿ ಇಷ್ಟವಾದದ್ದು. ಗಾಡಿ ನಿಲ್ಲಿಸಿದ ಕೂಡಲೇ ಚಕ್ರದ ಪಕ್ಕದಲ್ಲಿ ಒಂದು ರಂಧ್ರ ಕೊರೆ, ಮೀನಿಗಲ್ಲ, ನಿನಗಾಗಿ. ತೇಲುವ ಮಂಜುಗಡ್ಡೆಯ ಹನ್ನೆರಡರಲ್ಲಿ ಒಂದು ಪಾಲು ಮಾತ್ರ ನೀರಿನಿಂದ ಮೇಲಿರುತ್ತದೆ. ಹದಿನಾರು ಅಂಗುಲಕ್ಕೆ ಅದು ಒಂದೂಕಾಲು ಅಂಗುಲ ಮತ್ತು ಒಂದಿಷ್ಟು. ಅಂದರೆ ರಂಧ್ರದಲ್ಲಿ ನೀರು ಬಾಯಿಗಿಂತ ಅಷ್ಟು ಕೆಳಗೆ ನಿಂತಿರಬೇಕು. ಅದು ಏರುತ್ತ ಬಂದು ಹೊರಗೆ ಉಕ್ಕಿದರೆ, ಏರಿದ್ದು ನೀರಲ್ಲ, ಇಳಿದದ್ದು ನೀನು. ಗಾಳವನ್ನು ಅಲ್ಲಿಯೇ ಬಿಟ್ಟು ಗಾಡಿ ತೆಗೆ.

ಈಗ ನೀನು ಹೇಳುವ ಮಾತು ನನಗೆ ಕೇಳಿಸುತ್ತಿದೆ: ‘ಮಿಲ್ ಲ್ಯಾಕ್ಸ್ ಸರೋವರದ ಮೇಲೆ ಊರೇ ನೆಲೆಸಿದೆ, ರಸ್ತೆ ಮಾಡಿದ್ದಾರೆ, ಎಲ್ಲರೂ ಹೋಗುತ್ತಾರೆ.’ ಗೆಳೆಯಾ, ನಮ್ಮೂರ ಕೆರೆಯಲ್ಲಿಯೂ ಅಂದು ಎಲ್ಲರೂ ಹೋಗಿದ್ದರು. ನೆನಪಿದೆಯೇ? ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಏಪ್ರಿಲ್. ಹಾವೇರಿಯ ಬಿಸಿಲಿಗೆ ಕೆರೆ ಬತ್ತಿ, ಹೂಳು ಹೊರಲು ಸುತ್ತಲಿನ ಟ್ರ್ಯಾಕ್ಟರುಗಳೆಲ್ಲ ಅಂಗಳಕ್ಕೆ ಇಳಿದಿದ್ದವು. ನಿಮ್ಮ ಕಾಕಾನ ಟ್ರ್ಯಾಕ್ಟರ್ ನಮ್ಮಿಬ್ಬರ ಕೈಗೆ ಸಿಕ್ಕಿತು. ನಾನು ಓಡಿಸುತ್ತಿದ್ದೆ, ನೀನು ಮಡ್‌ಗಾರ್ಡ್ ಮೇಲೆ ಕುಳಿತಿದ್ದೆ. ಸುತ್ತು ಉಳಿಯಲೆಂದು ತೂಬಿನ ಕಡೆಯಿಂದ ತಿರುಗಿಸಿದೆವು. ಏರಿಯ ಮೇಲಿದ್ದ ಮುದುಕ ಕೋಲು ಎತ್ತಿ ಕೂಗಿದ್ದು ನಮಗೆ ಕಾಣಿಸಿತು, ಕೇಳಿಸಲಿಲ್ಲ. ಅಲ್ಲಿ ನೆಲ ಎಷ್ಟು ಚೆಂದ ಒಣಗಿತ್ತು! ಬಿರುಕು ಬಿಟ್ಟು, ತುಂಡು ತುಂಡಾಗಿ, ಅಂಚು ಮೇಲಕ್ಕೆ ಸುರುಳಿಯಾಗಿ, ಬಿಸಿಲಿಗೆ ಹರವಿದ ಹಪ್ಪಳದಂತೆ. ಚಕ್ರದ ಕೆಳಗೆ ಪಟಪಟನೆ ಮುರಿಯುತ್ತಿತ್ತು. ಆಮೇಲೆ ಆ ಸದ್ದು ನಿಂತಿತು. ಹಿಂದಿನ ಚಕ್ರ ಬೆಣ್ಣೆಯಲ್ಲಿ ಬೆರಳಿಟ್ಟಂತೆ ಇಳಿಯಿತು, ಆಕ್ಸಲ್‌ವರೆಗೆ. ಜಂಬಕ್ಕೆ ನಾನು ಎಕ್ಸಲರೇಟರ್ ಒತ್ತಿದೆ, ಇನ್ನಷ್ಟು ಇಳಿಯಿತು. ಕಪ್ಪು ರಾಡಿ ನಿನ್ನ ಮುಖಕ್ಕೆ ಸಿಡಿದು ನೀನು ಹಲ್ಲು ಮಾತ್ರ ಕಾಣುವ ಹಾಗೆ ಆಗಿದ್ದೆ.

ಟ್ರೇಲರ್ ಬಿಚ್ಚಿ, ಹೂಳು ಚೆಲ್ಲಿ, ಚಕ್ರದ ಕೆಳಗೆ ಜಾಲಿಯ ಟೊಂಗೆ ತುಂಬಿ, ಏರಿಯ ಮೇಲೆ ಇನ್ನೊಂದು ಟ್ರ್ಯಾಕ್ಟರ್ ನಿಲ್ಲಿಸಿ ಸರಪಳಿ ಹಾಕಿ ಎಳೆಯುವಷ್ಟರಲ್ಲಿ ಸಂಜೆಯಾಗಿತ್ತು. ಕಾಕಾ ಹೊಡೆಯಲಿಲ್ಲ. ‘ಹಪ್ಪಳ ಕಂಡು ಪಂಕ್ತಿಗೆ ಕುಳಿತಿರಾ?’ ಎಂದು ಕೇಳಿದರು, ಅಷ್ಟೇ. ಹೊಡೆದಿದ್ದರೆ ಚೆನ್ನಾಗಿತ್ತು.

ನಿನ್ನ ಕೆರೆಗೂ ತೂಬು, ಹಳ್ಳ, ಸೆಲೆ ಇದ್ದೇ ಇರುತ್ತವೆ. ಹೊಳೆ ಬಂದು ಸೇರುವಲ್ಲಿ, ಬುಗ್ಗೆ ಏಳುವಲ್ಲಿ, ಎರಡು ದಡ ಹತ್ತಿರವಾಗಿ ನೀರು ಸೆಳೆಯುವಲ್ಲಿ ಹೆಪ್ಪು ತೆಳ್ಳಗಿರುತ್ತದೆ. ಮೇಲೆ ಹಿಮ ಬಿದ್ದಿದ್ದರೆ ನೀರು ಕಂಬಳಿ ಹೊದ್ದ ಹಾಗೆ, ಕೆಳಗೆ ಹೆಪ್ಪು ಬೇಗ ಬೆಳೆಯುವುದಿಲ್ಲ. ಗುಡುಗಿದಂತೆ ಸದ್ದು ಬಂತೆಂದು ನಿನ್ನ ಹೆಂಡತಿ ಹೆದರಿದಳಂತೆ. ಆ ಸದ್ದಿಗೆ ಹೆದರಬೇಕಾಗಿಲ್ಲ, ಚಳಿ ಏರಿಳಿದಾಗ ಗಟ್ಟಿ ಹೆಪ್ಪೂ ಗುಡುಗುತ್ತದೆ. ನಮ್ಮ ತೂಬಿನ ಬಳಿ ಅಪಾಯ ಶುರುವಾದದ್ದು ಸದ್ದು ನಿಂತ ಮೇಲೆ.

ಹೋಗಬೇಡ ಎಂದು ನಾನು ಹೇಳುವುದಿಲ್ಲ. ಹೇಳಿದರೆ ನೀನು ಕೇಳುವವನೂ ಅಲ್ಲ. ನಿನ್ನ ಹೊಸ ಪಿಕಪ್ಪನ್ನು ದಡದಲ್ಲಿ ಬಿಟ್ಟು ಹೋಗು ಎನ್ನುತ್ತೇನೆ. ಲೇಕ್ ಆಫ್ ದ ವುಡ್ಸ್ ಎಂಬ ಸರೋವರದ ಕಡೆ ಇಂದಿಗೂ ಮೀನಿಗೆ ಹೋಗುವವರನ್ನು ಹಳೆಯ ಬಾಂಬಾರ್ಡಿಯರ್ ಗಾಡಿಗಳಲ್ಲಿ ಕರೆದೊಯ್ಯುತ್ತಾರಂತೆ. ಮುಂದೆ ಹಿಮದ ಮೇಲೆ ಜಾರುವ ಸ್ಕೀ, ಹಿಂದೆ ಚಕ್ರದ ಬದಲು ಸುತ್ತುವ ಪಟ್ಟಿ, ಪಕ್ಕಕ್ಕೆ ಹಡಗಿನಂಥ ದುಂಡು ಕಿಟಕಿ. ಅದನ್ನು ಮಾಡಿದವನು ನನ್ನ ಹಾಗೆ ಗ್ಯಾರೇಜಿನವನು ಎಂದು ತಿಳಿದಾಗ ಆ ರಾತ್ರಿ ನಿದ್ದೆ ಬರಲಿಲ್ಲ. ಕೆನಡಾದ ಕ್ವಿಬೆಕ್‌ನ ವಾಲ್ಕೋರ್ಟ್ ಎಂಬ ಸಣ್ಣ ಊರಿನ ಜೋಸೆಫ್ ಅರ್ಮಾಂಡ್ ಬಾಂಬಾರ್ಡಿಯರ್. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗ ಕಾಯಿಲೆ ಬಿದ್ದಾಗ ಹಿಮದಲ್ಲಿ ಆಸ್ಪತ್ರೆಗೆ ಒಯ್ಯುವ ಗಾಡಿ ಇರಲಿಲ್ಲ, ಮಗು ಉಳಿಯಲಿಲ್ಲ. 1937ರ ಹೊತ್ತಿಗೆ ಏಳು ಜನ ಕೂರುವ ಹಿಮಗಾಡಿಯನ್ನು ಅವನು ಮಾರಾಟಕ್ಕೆ ತಂದಿದ್ದ. ಈಗ ನೀವೆಲ್ಲ ಮೋಜಿಗೆ ಓಡಿಸುವ ಸ್ಕೀ-ಡೂ ಸ್ನೋಮೊಬೈಲ್ ಬಂದದ್ದು 1959ರಲ್ಲಿ. ನನ್ನ ಗ್ಯಾರೇಜಿನ ಗೋಡೆಗೆ ಅವನ ಫೋಟೋ ಹಾಕೋಣವೆಂದಿದ್ದೇನೆ. ಹುಡುಗರು ಯಾವ ಸ್ವಾಮಿಗಳು ಎಂದು ಕೇಳಿದರೆ ಕೇಳಲಿ.

ಹಾಗೂ ಪಿಕಪ್ಪಿನಲ್ಲಿಯೇ ಹೋಗುವೆಯಾದರೆ ಗಾಜು ಇಳಿಸು, ಬೆಲ್ಟ್ ಬಿಚ್ಚು, ದಡದ ಹತ್ತಿರ ನಡೆಯುವ ವೇಗಕ್ಕೆ ಇಳಿ. ಕೊರಳಿಗೆ ಆ ಎರಡು ಮೊಳೆಗೋಲು ಹಾಕಿಕೋ, ಬಿದ್ದರೆ ಹೆಪ್ಪಿನ ಅಂಚಿಗೆ ಚುಚ್ಚಿ ಮೇಲೇರಲು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದ ಗೋರ್ಡನ್ ಗೀಸ್‌ಬ್ರೆಕ್ಟ್ ಎಂಬವರಿದ್ದಾರೆ, ಹಿಮನೀರಿಗೆ ತಾವೇ ಇಳಿದು ಪ್ರಯೋಗ ಮಾಡಿದವರು. ಅವರ ಲೆಕ್ಕ ನೆನಪಿಡುವುದು ಸುಲಭ: ಒಂದು ನಿಮಿಷ ಉಸಿರನ್ನು ಹತೋಟಿಗೆ ತರಲು, ಹತ್ತು ನಿಮಿಷ ಕೈಕಾಲು ಮಾತು ಕೇಳುವವರೆಗೆ, ಒಂದು ಗಂಟೆ ಪ್ರಜ್ಞೆ ತಪ್ಪುವ ಮುನ್ನ. ಆ ಮೊದಲ ನಿಮಿಷದಲ್ಲಿ ಗಾಬರಿಯಾಗಬೇಡ. ಗಾಡಿಯ ಚಿಂತೆಯನ್ನು ಆಮೇಲೆ ಮಾಡು. ಮುಳುಗಿದ ಗಾಡಿಯನ್ನು ಮೂವತ್ತು ದಿನಗಳೊಳಗೆ ಮಾಲೀಕನೇ ಎತ್ತಬೇಕು ಎಂಬ ಕಾನೂನು ನಿನ್ನ ರಾಜ್ಯದಲ್ಲಿದೆ.

ಮಾರ್ಚ್ ಮುಗಿಯುವ ಮೊದಲೇ ಮೀನಿನ ಮನೆಗಳನ್ನೆಲ್ಲ ಅಲ್ಲಿ ಎತ್ತಿಸುತ್ತಾರಲ್ಲ, ಏಪ್ರಿಲ್‌ನಲ್ಲಿ ರಜೆ ಹಾಕಿ ಬಾ. ಈ ವರ್ಷ ನಮ್ಮೂರ ಕೆರೆ ಮತ್ತೆ ಬತ್ತುವ ಲಕ್ಷಣವಿದೆ, ಹೂಳೆತ್ತುವ ಮಾತು ನಡೆದಿದೆ. ಕಾಕಾನ ಟ್ರ್ಯಾಕ್ಟರಿಗೆ ನಾನೇ ಹೊಸ ರಿಂಗ್ ಪಿಸ್ಟನ್ ಹಾಕಿಕೊಟ್ಟಿದ್ದೇನೆ. ಈ ಸಲ ನೀನು ಕೋಲು ಹಿಡಿದು ಮುಂದೆ ನಡೆ, ನಾನು ಹಿಂದೆ ಓಡಿಸುತ್ತೇನೆ. ಸರಪಳಿ ನನ್ನ ಗ್ಯಾರೇಜಿನಲ್ಲಿಯೇ ಇದೆ.

ನಿನ್ನ,
ಹುಬ್ಬಳ್ಳಿಯ ಪಾಟಾದವನು