ನಾಲಿಗೆ ಚಾಚಿದಾಗ ಈ ಸಲ ಏನೂ ಸರಿಯಲಿಲ್ಲ

ಆಪರೇಷನ್ ಆಗಿ ಒಂದು ವರ್ಷ. ನಿನ್ನೆ ಚೆಕಪ್ ಮುಗಿಯಿತು, ಮಗಳ ಕುತ್ತಿಗೆಯ ಗಂಟು ಮತ್ತೆ ಬಂದಿಲ್ಲ. ಗಂಟು ಎದ್ದು, ಕೀವಾಗಿ, ಕೊನೆಗೆ ಆಪರೇಷನ್ ಮಾಡಿ ತೆಗೆಸಿದ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತೇ ಇದೆ.

ನಾಲಿಗೆ ಚಾಚಲು ಹೇಳಿ, ಗಂಟು ಮೇಲೆ ಸರಿದದ್ದನ್ನು ನೋಡಿ, ಇದು ಥೈರಾಯ್ಡ್ ಗ್ರಂಥಿ ನಾಲಿಗೆ ಬುಡದಿಂದ ಕುತ್ತಿಗೆಗೆ ಇಳಿದು ಬಂದ, ಹುಟ್ಟುವ ಮೊದಲೇ ಮುಚ್ಚಬೇಕಿದ್ದ ನಾಳದ್ದು ಇರಬೇಕು ಎಂದ ಡಾಕ್ಟರಿಗೆ, ಥೈರಾಯ್ಡ್ ತನ್ನ ಜಾಗದಲ್ಲೇ ಇದೆ ಎಂದು ಸ್ಕ್ಯಾನ್‌ನಲ್ಲಿ ತೋರಿಸಿದವರಿಗೆ (ಕೆಲವರಿಗೆ ಆ ಗಂಟೇ ಇರುವ ಒಂದೇ ಥೈರಾಯ್ಡ್ ಆಗಿರುತ್ತದಂತೆ!), ರಜೆ ಕೊಟ್ಟ ಆಫೀಸಿನವರಿಗೆ, ನೋಟ್ಸ್ ಕಳಿಸಿದ ಅವಳ ಗೆಳತಿಯರಿಗೆ ತುಂಬಾ ಥ್ಯಾಂಕ್ಸ್. ಮೊದಲ ಸಲ ಕೀವಾದಾಗ ಸುಮ್ನೆ ಕೊಯ್ದು ಕಳಿಸಿದವರ ಬಗ್ಗೆ ಇವತ್ತು ಬೇಡ ಬಿಡಿ.

ಉಳಿದದ್ದೆಲ್ಲ ಅತ್ತಿಗೆಗೆ.

ಗಂಟಿನ ಜೊತೆ ಹಯಾಯ್ಡ್ ಮೂಳೆಯ (ನಾಲಿಗೆ ಬುಡದ ಕೆಳಗೆ ಕುತ್ತಿಗೆಯಲ್ಲಿರುವ ಪುಟ್ಟ ಮೂಳೆ) ನಡುವಿನ ತುಂಡನ್ನೂ, ನಾಲಿಗೆ ಬುಡದವರೆಗಿನ ನಾಳವನ್ನೂ ತೆಗೆಯಬೇಕು, ಇಲ್ಲದಿದ್ದರೆ ಮತ್ತೆ ಬರುವ ಸಾಧ್ಯತೆ ಜಾಸ್ತಿ ಎಂದು ಡಾಕ್ಟರ್ ಹೇಳಿದ್ದರು. 1920ರಲ್ಲಿ ಸಿಸ್ಟ್ರಂಕ್ ಎಂಬ ಸರ್ಜನ್ ವಿವರಿಸಿದ ವಿಧಾನ, ಈಗಲೂ ಅದೇ. ಮೂಳೆ ಅಂದ ಕೂಡಲೇ ನಾನು ಬೇಡವೇ ಬೇಡ ಎಂದೆ. "ಅರ್ಧ ಬಿಟ್ಟು ಇನ್ನೊಂದು ಸಲ ಮಗೂನ ಮಲಗಿಸ್ತೀಯಾ?" ಎಂದರು ಅತ್ತಿಗೆ. ನಿಮ್ಮ ಮಗಳಾಗಿದ್ದರೆ ಹೀಗೆ ಹೇಳುತ್ತಿದ್ದಿರಾ ಎಂದುಬಿಟ್ಟೆ. ಅವರು ಮಾತಾಡಲಿಲ್ಲ. ಆಪರೇಷನ್ ದಿನ ಬಟ್ಟೆ ಬ್ಯಾಗ್ ಹಿಡಿದು ನನಗಿಂತ ಮೊದಲೇ ಬಂದು ಕೂತಿದ್ದರು.

ಆ ರಾತ್ರಿ ಗಾಯದೊಳಗೆ ಸೇರುವ ರಕ್ತ ಹೊರಗಿಳಿಯಲೆಂದು ಕುತ್ತಿಗೆಯಿಂದ ಒಂದು ಟ್ಯೂಬ್, ತುದಿಗೆ ಪುಟ್ಟ ಬಾಟಲಿ. ಒಳಗೆ ರಕ್ತ ಕಟ್ಟಿ ಊದಿಕೊಂಡರೆ ಉಸಿರಿಗೇ ತೊಂದರೆ, ತಕ್ಷಣ ಕರೆಯಿರಿ ಎಂದಿದ್ದರು. ಅದನ್ನು ಕೇಳಿದ ಮೇಲೆ ನಾನು ಯಾವ ಕೆಲಸಕ್ಕೂ ಬರಲಿಲ್ಲ. ಅತ್ತಿಗೆ ಬಾಟಲಿಗೆ ಪ್ಲಾಸ್ಟರ್ ಅಂಟಿಸಿ, ಗಂಟೆಗೊಂದು ಸಲ ಪೆನ್ನಿನಲ್ಲಿ ಗೆರೆ ಎಳೆಯುತ್ತಾ ಕೂತರು. ಎರಡು ಗಂಟೆಗೆ ಹೊಸ ಗೆರೆ ಹಳೆಯದರ ಮೇಲೇ ಬಿತ್ತು, ಅಂದರೆ ಬಾಟಲಿಗೆ ಏನೂ ಇಳಿದಿರಲಿಲ್ಲ. ಕಿರುಚಲಿಲ್ಲ, ಓಡಲಿಲ್ಲ. ಮೊದಲು ಬೆಲ್ ಒತ್ತಿದರು, ಆಮೇಲೆ ಹೊದಿಕೆ ಸರಿಸಿ ಟ್ಯೂಬ್ ಹಾದುಹೋದ ಕಡೆಯೆಲ್ಲ ಟಾರ್ಚ್ ಬಿಟ್ಟು ನೋಡಿದರು. ಭುಜದ ಕೆಳಗೆ ಮಡಚಿಕೊಂಡಿತ್ತು. ಸಿಸ್ಟರ್ ಬಂದು ಬಿಡಿಸಿ, ಕುತ್ತಿಗೆ ಮುಟ್ಟಿ ನೋಡಿದರು. ಸ್ವಲ್ಪ ಹೊತ್ತಿಗೆ ಮತ್ತೆ ತೊಟ್ಟಿಕ್ಕಿತು.

ನಾನೆಲ್ಲಿದ್ದೆ? ಬಾತ್‌ರೂಮಿನಲ್ಲಿ, ಸದ್ದು ಕೇಳಬಾರದು ಅಂತ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಬಾಗಿಲ ಹೊರಗಿಂದ ಅತ್ತಿಗೆ, "ಪೂರ್ತಿ ಅತ್ತು ಬಾ, ನಾನಿಲ್ಲೇ ಇದೀನಿ."

ಅತ್ತಿಗೆ, ಅವತ್ತು "ನಿಮ್ಮ ಮಗಳಾಗಿದ್ದರೆ" ಎಂದ ಮಾತಿಗೆ ನಾನು ಇವತ್ತಿನವರೆಗೂ ಸಾರಿ ಕೇಳಿಲ್ಲ. ಎದುರಿಗೆ ಬಾಯಿ ಬರಲ್ಲ, ಇಲ್ಲಿ ಕೇಳುತ್ತಿದ್ದೇನೆ. ನಿನ್ನೆ ಮೊದಲ ಫೋನ್ ಮಾಡಿದ್ದು ನಿಮಗೇ. ನೀವು ಎತ್ತಲಿಲ್ಲ. ಮಲಗಿದ್ದಿರಂತೆ, ಏಳಿಸಬೇಡಿ ಅಂತ ಅಣ್ಣನಿಗೆ ನಾನೇ ಹೇಳಿದೆ.