ಫ್ರೀ ಸಾಫ್ಟ್‌ವೇರ್‌ಗೆ ಬಿಲ್ಲು ಯಾಕೆ?

ಸಂಪಾದಕರೇ,

ಒಂಬತ್ತು ವರ್ಷಗಳಿಂದ ಕೊಪ್ಪಳ, ಬಳ್ಳಾರಿ ಕಡೆಯ ಅಂಗಡಿ, ಮಿಲ್ಲುಗಳಿಗೆ ಇಆರ್‌ಪಿನೆಕ್ಸ್ಟ್ ಹಾಕಿಕೊಡುತ್ತಿದ್ದೇನೆ. ಲೆಕ್ಕ, ಸ್ಟಾಕು, ಜಿಎಸ್‌ಟಿ ಬಿಲ್ಲು ಎಲ್ಲ ಒಂದೇ ಕಡೆ ಸಿಗುವ, ಕೋಡ್ ಎಲ್ಲರಿಗೂ ತೆರೆದಿರುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಅದು, ಮುಂಬೈಯ ಫ್ರಾಪೆ ಕಂಪನಿಯದ್ದು. ಕೊಟೇಶನ್ ಕೊಟ್ಟ ಕಡೆಯೆಲ್ಲ ಒಂದೇ ಮಾತು: "ನೆಟ್ಟಲ್ಲಿ ಫ್ರೀ ಸಿಗುತ್ತಂತೆ, ನೀವ್ಯಾಕೆ 80 ಸಾವಿರ ಕೇಳ್ತೀರಿ?"

ಕೇಳುವುದರಲ್ಲಿ ತಪ್ಪಿಲ್ಲ. ಇಂಗ್ಲಿಷಿನ 'ಫ್ರೀ' ಪದದಿಂದಲೇ ಈ ಗೊಂದಲ. ನಮ್ಮಲ್ಲಿ ಪುಕ್ಕಟೆ ಬೇರೆ, ಸ್ವತಂತ್ರ ಬೇರೆ. ಈ ಸಾಫ್ಟ್‌ವೇರ್ ಬಳಸಲು ಅನುಮತಿ ಕೊಡುವ ಜಿಪಿಎಲ್ ಎಂಬ ಲೈಸೆನ್ಸ್ ಕೊಡುವುದು ಸ್ವಾತಂತ್ರ್ಯ. ಕೋಡ್ ಓದಬಹುದು, ತಿದ್ದಬಹುದು, ಹಂಚಬಹುದು, ದುಡ್ಡಿಗೆ ಮಾರಲೂಬಹುದು. ಇಂಥದ್ದೇ ಫ್ರೀ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್‌ಗೆ ಸಪೋರ್ಟ್ ಮಾರಿಯೇ ಬೆಳೆದ ರೆಡ್ ಹ್ಯಾಟ್ ಕಂಪನಿಯನ್ನು 2019ರಲ್ಲಿ ಐಬಿಎಂ 3,400 ಕೋಟಿ ಡಾಲರ್ ಕೊಟ್ಟು ಕೊಂಡಿತು.

ಹೋದ ವರ್ಷ ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಸಾಫ್ಟ್‌ವೇರ್ ಹಾಕಲು ಅರ್ಧ ದಿನ ಸಾಕಾಯಿತು. ಹಳೇ ಎಕ್ಸೆಲ್ ಹಾಳೆ ಸರಿಮಾಡಲು ಹನ್ನೊಂದು ದಿನ! 25 ಕೆಜಿ ಸೋನಾ ಮಸೂರಿ ಚೀಲವನ್ನು ಒಬ್ಬ ಗುಮಾಸ್ತ 'ಸೋನಾ 25' ಅಂತ, ಇನ್ನೊಬ್ಬ 'ಎಸ್‌ಎಂ ಸಣ್ಣ ಚೀಲ' ಅಂತ, ಮತ್ತೊಬ್ಬ ಬರೀ 'ಮಸೂರಿ' ಅಂತ ಬರೆದಿದ್ದ. ಗೋಡೌನಿಗೆ ಹೋಗಿ ಚೀಲ ಎಣಿಸಿ, ಹಮಾಲರನ್ನು ಕೇಳಿ, ಒಂದೊಂದೇ ಹೆಸರು ಕೂಡಿಸಬೇಕಾಯಿತು. ನಾನು ದುಡ್ಡು ಕೇಳುವುದು ಈ ಕೆಲಸಕ್ಕೆ.

ನಮ್ಮ ಲೈನಿನವರದ್ದೂ ತಪ್ಪಿದೆ. ಹತ್ತು ಸಾವಿರಕ್ಕೆ ಇನ್‌ಸ್ಟಾಲ್ ಮಾಡಿ, ಬ್ಯಾಕಪ್ ಕೂಡ ಇಡದೆ ಹೋಗುವವರಿದ್ದಾರೆ. ಹಾರ್ಡ್ ಡಿಸ್ಕ್ ಕೆಟ್ಟು ಎರಡು ವರ್ಷದ ಉದ್ರಿ ಲೆಕ್ಕ ಕಳೆದುಕೊಂಡ ಒಬ್ಬ ವ್ಯಾಪಾರಿ ನನ್ನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಇನ್ನು ಕೆಲವರು ಹೆಸರು ಬದಲಿಸಿ, ಓಪನ್ ಸೋರ್ಸ್ ಅನ್ನೋದನ್ನೇ ಮುಚ್ಚಿಟ್ಟು, ಕಂಪ್ಯೂಟರಿಗೆ ಇಷ್ಟು ಅಂತ ಲೈಸೆನ್ಸ್ ದುಡ್ಡು ವಸೂಲಿ ಮಾಡುತ್ತಾರೆ. ಇದು ಮೋಸ ಅಲ್ವಾ? ಒಂದಲ್ಲ ಒಂದು ದಿನ ಗಿರಾಕಿಗೆ ಗೊತ್ತಾಗುತ್ತದೆ, ಆಮೇಲೆ ಊರಲ್ಲಿ ಯಾರ ಕೊಟೇಶನ್ನನ್ನೂ ನಂಬುವುದಿಲ್ಲ.

ನಾನು ಕೊಟೇಶನ್ನಿನ ಮೊದಲ ಸಾಲಲ್ಲೇ 'ಲೈಸೆನ್ಸ್: 0 ರೂ.' ಅಂತ ಬರೆಯುತ್ತೇನೆ. ಅದರ ಕೆಳಗೆ ಡೇಟಾ ಸರಿಮಾಡಿ ಹಾಕುವುದಕ್ಕೆ ಇಷ್ಟು, ಗುಮಾಸ್ತರಿಗೆ ಕಲಿಸುವುದಕ್ಕೆ ದಿನಕ್ಕೆ ಇಷ್ಟು, ಸರ್ವರ್ ಬಾಡಿಗೆ, ವರ್ಷದ ಎಎಂಸಿ (ನಿರ್ವಹಣೆಯ ಶುಲ್ಕ). ಚೌಕಾಸಿ ಮಾಡಲಿ, ಬೇಜಾರಿಲ್ಲ. ಬೇಕಾದರೆ ಕಲಿಸುವ ದಿನ ಕಡಿಮೆ ಮಾಡುತ್ತೇನೆ, ಬ್ಯಾಕಪ್ ಮಾತ್ರ ಬಿಡುವುದಿಲ್ಲ.

ವ್ಯಾಪಾರಸ್ಥರಲ್ಲಿ ಒಂದು ಕೋರಿಕೆ. ಯಾರ ಹತ್ತಿರವೇ ಮಾಡಿಸಿ, ಕೊನೇ ಕಂತು ಕೊಡುವ ಮುಂಚೆ ಸರ್ವರ್ ಪಾಸ್‌ವರ್ಡು ಮತ್ತು ನಿಮ್ಮ ಡೇಟಾದ ಬ್ಯಾಕಪ್ ಕೈಗೆ ತೆಗೆದುಕೊಳ್ಳಿ. ಆ ಬ್ಯಾಕಪ್ ಬೇರೆ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತದಾ ಅಂತ ನಿಮ್ಮ ಕಣ್ಣೆದುರೇ ತೋರಿಸಲು ಹೇಳಿ.

– ಒಬ್ಬ ಓದುಗ, ಹೊಸಪೇಟೆ