ಹದಿನಾಲ್ಕನೇ ಅಧ್ಯಾಯ ಮತ್ತು ಮಳೆ ವಿಷಯ

ಬಳ್ಳಾರಿ
ಭಾನುವಾರ, ಮಧ್ಯಾಹ್ನ

ಪ್ರೀತಿಯ ತಂಗಿಗೆ,

ನಿನ್ನ ಪತ್ರ ಬಂತು. ಗಂಗಾವತಿಯಲ್ಲಿ ಹತ್ತು-ಹನ್ನೆರಡು ಜನ ಹೆಂಗಸರು ಸೇರಿ ನಿನ್ನ ಕಾದಂಬರಿ ಬಗ್ಗೆ ಮಾತಾಡಿದರು, ಒಗ್ಗರಣೆ ಮಂಡಕ್ಕಿ, ಚಹಾ ಎಲ್ಲ ಆಯಿತು, ಎಲ್ಲರೂ "ಚೊಲೋ ಬರದೀಯವ್ವಾ" ಅಂದರು ಅಂತ ಬರೆದಿದ್ದೀಯ. ಆದರೆ ನಾಯಕ-ನಾಯಕಿ ಕೂಡುವ ಹದಿನಾಲ್ಕನೇ ಅಧ್ಯಾಯದ ಮಾತು ಬಂದ ಕೂಡಲೇ ಒಬ್ಬರು ಗಡಿಯಾರ ನೋಡಿದರಂತೆ. ಒಬ್ಬರು ಸೆರಗು ಸರಿಮಾಡಿಕೊಂಡರಂತೆ. ಇನ್ನೊಬ್ಬರು ಮಳೆ ವಿಷಯ ತೆಗೆದರಂತೆ. "ಮುಂದಿನ ಸಲ ಅಚ್ಚು ಹಾಕಿಸುವಾಗ ಆ ಅಧ್ಯಾಯ ತೆಗೆದುಬಿಡಲಾ ಅಕ್ಕಾ?" ಅಂತ ಕೇಳಿದ್ದೀಯ.

ಅವಸರ ಮಾಡಬೇಡ. ಅವರು ಯಾಕೆ ಸುಮ್ಮನಾದರು ಅಂತ ಮೊದಲು ನೋಡೋಣ.

ನಾಚಿಕೆ, ಸಂಕೋಚ, ಮುಜುಗರ, ಸಿಗ್ಗು. ನಮ್ಮಲ್ಲಿ ಇದಕ್ಕೆ ಎಷ್ಟೊಂದು ಪದ! ಬಳ್ಳಾರಿಯ ತೆಲುಗು ಮನೆಗಳಲ್ಲೂ ಸಿಗ್ಗು ಅಂತಲೇ ಅನ್ನುತ್ತಾರೆ, ರಾಯಚೂರಿನ ಉರ್ದು ಮನೆಗಳಲ್ಲಿ ಶರಂ. ಇವೆಲ್ಲ ಒಂದೇ ಅಲ್ಲ. "ನಾಚಿಕೆ ಆಗಲ್ವಾ ನಿನಗೆ?" ಅಂದರೆ ಬೈಗುಳ. "ನಾಚಿಕೆ ಬಂತು" ಅಂದರೆ ಅದರೊಳಗೆ ಸ್ವಲ್ಪ ಖುಷಿಯೂ ಇದೆ. ಮುಜುಗರ ಬೇರೆ. ಅದಕ್ಕೆ ಪಕ್ಕದಲ್ಲಿ ಇನ್ನೊಬ್ಬರು ಇರಬೇಕು. ಒಬ್ಬಳೇ ಕೂತು ಓದುವಾಗ ಆಗದ ಮುಜುಗರ, ಅತ್ತೆ ಒಳಗೆ ಬಂದ ಕೂಡಲೇ ಆಗುತ್ತದೆ. ಅಸಹ್ಯ ಇನ್ನೂ ಬೇರೆ. ಅಸಹ್ಯ ಆದವರು ಮಳೆ ವಿಷಯ ತೆಗೆಯುವುದಿಲ್ಲ. ಮುಖದ ಮೇಲೇ ಹೇಳುತ್ತಾರೆ. ನಮ್ಮ ಕಡೆಯ ಹೆಂಗಸರಂತೂ ಬಿಡುವವರೇ ಅಲ್ಲ.

ಹಳೆಯದೊಂದು ಹೇಳುತ್ತೇನೆ. ನಾನು ಮದುವೆಯಾಗಿ ಬಳ್ಳಾರಿಗೆ ಬಂದ ಹೊಸದರಲ್ಲಿ ನಮ್ಮ ಓಣಿಯ ತುದಿಗೆ ಬಾಡಿಗೆ ಪುಸ್ತಕದ ಅಂಗಡಿ ಇತ್ತು. ಗಂಡಸರು ಉಂಡು ಹೊರಗೆ ಹೋದ ಮೇಲೆ ಹೆಂಗಸರು ಬರುತ್ತಿದ್ದರು. ಚೀಲದ ತಳದಲ್ಲಿ ಪುಸ್ತಕ, ಮೇಲೆ ಬದನೆಕಾಯಿ. ನನ್ನ ಎರಡನೇ ಕಾದಂಬರಿಯೂ ಆ ಅಂಗಡಿ ಸೇರಿತು. ವರ್ಷ ಕಳೆದ ಮೇಲೆ ಸುಮ್ನೆ ಕೈಗೆತ್ತಿಕೊಂಡು ನೋಡಿದೆ. ಉಳಿದ ಪುಟಗಳೆಲ್ಲ ಗಟ್ಟಿಯಾಗೇ ಇದ್ದವು. ನಾಯಕಿ ರಾತ್ರಿ ಮಾಳಿಗೆ ಹತ್ತುವ ಪುಟ ಮಾತ್ರ ಬಟ್ಟೆಯ ಹಾಗೆ ಮೆತ್ತಗಾಗಿತ್ತು. ಮಿರ್ಚಿ ಎಣ್ಣೆ ಹತ್ತಿ, ಆ ಕಡೆಯ ಅಕ್ಷರ ಈ ಕಡೆ ಕಾಣುತ್ತಿತ್ತು.

ಅಷ್ಟು ದಿನದಲ್ಲಿ ಆ ಪುಟದ ಬಗ್ಗೆ ನನ್ನ ಹತ್ತಿರ ಯಾರೂ ಒಂದು ಮಾತೂ ಆಡಿರಲಿಲ್ಲ. ಎದುರು ಮನೆಯ ಅಕ್ಕ ಮಾತ್ರ ಒಮ್ಮೆ, "ಆ ಹುಡುಗಿ ಮಾಳಿಗಿ ಮ್ಯಾಲೆ ಹೋದಾಗ ಕೆಳಗ ಅಕಿ ಮಾವ ಎಚ್ಚರ ಇದ್ದನೇನು?" ಅಂತ ಕೇಳಿದರು. ಇಲ್ಲ, ಮಲಗಿದ್ದ ಅಂದೆ. "ಹಂಗಂದ್ರ ಪಾಡಾತು" ಅಂದು ಹೋದರು. ಆ ಅಕ್ಕ ಇಡೀ ಪುಟ ಓದಿದ್ದರು. ಹುಡುಗಿ ಸಿಕ್ಕಿಬೀಳಬಾರದು ಅಂತ ಹೆದರಿದ್ದರು. ಮಾಳಿಗೆ ಮೇಲೆ ಏನಾಯಿತು ಅನ್ನುವುದನ್ನು ಬಿಟ್ಟು ಕೆಳಗಿನದನ್ನು ಕೇಳಿದರು, ಅಷ್ಟೇ. ನನಗೆ ಆಗ ಅದು ತಿಳಿಯಲೇ ಇಲ್ಲ. ಯಾರೂ ಏನೂ ಹೇಳಲಿಲ್ಲ ಅಂತ ಬೇಜಾರು ಮಾಡಿಕೊಂಡು ಕೂತಿದ್ದೆ.

ನಿನ್ನ ಹನ್ನೆರಡು ಜನರಲ್ಲೂ ಇಂಥ ಮಾತು ಯಾರಾದರೂ ಆಡಿರುತ್ತಾರೆ. ನೆನಪು ಮಾಡಿಕೊ. "ಅವನು ಅಷ್ಟೊತ್ತಿನ ಮೇಲೆ ಊರಿಗೆ ಹೆಂಗ ಹೋದ?" ಅಂತ ಯಾರಾದರೂ ಕೇಳಿದರಾ?

ಇದೇ ಹೆಂಗಸರು ಮದುವೆಮನೆಯಲ್ಲಿ ಬೀಗರ ಪದ ಹಾಡುವುದನ್ನು ನೀನೂ ಕೇಳಿದ್ದೀಯ, ಅಲ್ವಾ? ಬೀಗಿತ್ತಿಯ ನಡಿಗೆ, ಬೀಗನ ಮೀಸೆ, ಮಂಚದ ಸದ್ದು, ಯಾವುದನ್ನಾದರೂ ಬಿಡುತ್ತಾರಾ? ಸಿರುಗುಪ್ಪ ಕಡೆ ಒಂದು ಮದುವೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಹಾಡಿದ್ದನ್ನು ಕೇಳಿ ನಾನೇ ಎದ್ದು ನೀರು ಕುಡಿಯಲು ಹೋಗಿದ್ದೆ. ಹೋಳಿಯಲ್ಲಿ ಕಾಮನನ್ನು ಸುಡುವಾಗ ಹುಡುಗರು ಹಲಗೆ ಬಡಿಯುತ್ತಾ ಕೂಗುವ ಮಾತಂತೂ ಇಲ್ಲಿ ಬರೆಯುವ ಹಾಗೇ ಇಲ್ಲ. ಅಂದರೆ ಈ ವಿಷಯ ಬಾಯಿಗೆ ಬರುವುದೇ ಇಲ್ಲ ಅಂತೇನಲ್ಲ. ಹಾಡಾದರೆ ಹತ್ತು ಜನ ಒಟ್ಟಿಗೆ ಹಾಡುತ್ತಾರೆ, ಆ ಮಾತಿನ ಹೊಣೆ ಯಾರೊಬ್ಬರ ತಲೆಗೂ ಬರುವುದಿಲ್ಲ. ಕಾದಂಬರಿ ಹಾಗಲ್ಲ. ಅದನ್ನು ಒಬ್ಬಳು ಬರೆದಿದ್ದಾಳೆ, ಒಬ್ಬಳು ಓದಿದ್ದಾಳೆ. "ಆ ಭಾಗ ನನಗೆ ಹಿಡಿಸಿತು" ಅಂದರೆ ತನ್ನ ಮನೆಯ ಕೋಣೆ ಬಾಗಿಲು ತೆಗೆದು ತೋರಿಸಿದ ಹಾಗೆ. ಪಕ್ಕದಲ್ಲಿ ನಾದಿನಿ ಕೂತಿರುವಾಗ ಯಾರು ತೆಗೆಯುತ್ತಾರೆ?

ಅದರ ಮೇಲೆ ಬರೆದವಳು ನೀನೇ ಎದುರಿಗಿದ್ದೀಯ. ಇನ್ನೂ ಮದುವೆಯಾಗದ ಹುಡುಗಿ. "ಇದೆಲ್ಲ ಇವಳಿಗೆ ಹೇಗೆ ಗೊತ್ತು?" ಅನ್ನುವ ಪ್ರಶ್ನೆ ಆ ಕೋಣೆಯಲ್ಲಿ ಸುಳಿದಾಡಿರುತ್ತದೆ. ಗಂಡಸು ಬರೆದಿದ್ದರೆ ಇದನ್ನು ಯಾರೂ ಕೇಳುತ್ತಿರಲಿಲ್ಲ. ಈ ಲೆಕ್ಕ ಹಳೆಯದು. 18ನೇ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ, ರಾಧೆ-ಕೃಷ್ಣರ ಶೃಂಗಾರವನ್ನು ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಅಂತ ಬರೆದಳು. ಅದನ್ನು ಏನೂ ಬಿಡದೆ 1910ರಲ್ಲಿ ಅಚ್ಚು ಹಾಕಿಸಿದವರು ಗಾಯಕಿ ಬೆಂಗಳೂರು ನಾಗರತ್ನಮ್ಮ. ಹೆಂಗಸರ ಓದಿಗಾಗಿ ಅಷ್ಟು ದುಡಿದ ಕಂದುಕೂರಿ ವೀರೇಶಲಿಂಗಂ ಅವರೇ ಈ ಕಾವ್ಯವನ್ನು ಹೆಂಗಸರು ಕೇಳಬಾರದ್ದು, ಹೆಂಗಸಿನ ಬಾಯಲ್ಲಂತೂ ಬರಬಾರದ್ದು ಎಂದು ಹಳಿದಿದ್ದರು. ನಾಚಿಕೆ ಹೆಂಗಸರಿಗೆ ಮಾತ್ರವಾ, ಗಂಡಸರಿಗೆ ಬೇಡವಾ ಅಂತ ನಾಗರತ್ನಮ್ಮ ತಿರುಗಿ ಕೇಳಿದರು. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಆ ನಿಷೇಧ ಹೋಗಿದ್ದು 1947ರಲ್ಲಿ. ಆಗ ನಮ್ಮ ಬಳ್ಳಾರಿಯೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು, ಮೈಸೂರಿಗೆ ಸೇರಿದ್ದು 1953ರಲ್ಲಿ. ತೆಲುಗು ಓದುವವರಿಗೆ ಇಲ್ಲಿ ಯಾವತ್ತೂ ಕಡಿಮೆ ಇರಲಿಲ್ಲ. ಕೌಲ್ ಬಜಾರಿನ ಯಾವ ಮನೆಯಲ್ಲಿ, ಯಾವ ಟ್ರಂಕಿನ ತಳದಲ್ಲಿ ಒಂದು ಪ್ರತಿ ಇತ್ತೋ ಅಂತ ನಾನು ಸುಮ್ನೆ ಕಲ್ಪನೆ ಮಾಡಿಕೊಳ್ಳುತ್ತಿರುತ್ತೇನೆ.

ಕನ್ನಡಕ್ಕೇನೂ ಈ ವಿಷಯ ಹೊಸದಲ್ಲ. ಜನ್ನ 1209ರಲ್ಲೇ 'ಯಶೋಧರ ಚರಿತೆ' ಬರೆದ. ರಾಣಿ ಅಮೃತಮತಿ ಬೆಳಗಿನ ಜಾವ ಮಾವುತನ ಹಾಡು ಕೇಳುತ್ತಾಳೆ, ಮುಖ ನೋಡದೆಯೇ ಸೋಲುತ್ತಾಳೆ. ಅವನು ಎಷ್ಟು ಕುರೂಪಿ ಅಂತ ಸಖಿ ಬಂದು ಹೇಳಿದರೂ ಒಲವಾದ ಮೇಲೆ ರೂಪ ಯಾಕೆ ಅನ್ನುತ್ತಾಳೆ. ನಮಗೆ ಇದನ್ನು ಪಾಠ ಮಾಡಿದ ಮೇಷ್ಟ್ರು ಕಿಟಕಿ ಕಡೆ ಮುಖ ಮಾಡಿ ಓದಿ, "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಅಂದುಬಿಟ್ಟರು. ಎಲ್ಲರೂ ಮನೆಯಲ್ಲಿ ಓದಿಕೊಂಡೆವು. ಅಷ್ಟು ಶ್ರದ್ಧೆಯಿಂದ ಬೇರೆ ಯಾವ ಪಾಠವನ್ನೂ ಓದಲಿಲ್ಲ ಅನ್ನು. ಆ ಭಾಗದಲ್ಲಿ ಬಿಸಿ ಹುಟ್ಟುವುದು ಕಿವಿಯಿಂದ, ಗಮನಿಸಿದ್ದೀಯಾ? ಇನ್ನೂ ಒಬ್ಬರನ್ನೊಬ್ಬರು ಮುಟ್ಟೇ ಇಲ್ಲ.

ಈಗ ನಿನ್ನ ಅಧ್ಯಾಯಕ್ಕೆ ಬರುತ್ತೇನೆ. ಎರಡು ಸಲ ಓದಿದೆ. ಅದರಲ್ಲಿ ಬಿಸಿ ಜಾಸ್ತಿ ಆಗಿದೆ ಅನ್ನುವುದು ನನ್ನ ದೂರಲ್ಲ. ಆ ಅಧ್ಯಾಯದಲ್ಲಿ ನಿನ್ನ ಜನ ಕಳೆದುಹೋಗಿದ್ದಾರೆ. ಹದಿಮೂರನೇ ಅಧ್ಯಾಯದವರೆಗೆ ನಿನ್ನ ನಾಯಕ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಹುಡುಗ. ಮುಂಗೈ ಮೇಲೆ ತೌಡಿನ ಪುಡಿ. ಹದಿನಾಲ್ಕಕ್ಕೆ ಬರುವಷ್ಟರಲ್ಲಿ ಎಲ್ಲೋ ದೊಡ್ಡ ಹೋಟೆಲಿನ ಏಸಿ ರೂಮು, ಹಾಸಿಗೆ ಮೇಲೆ ಗುಲಾಬಿ ಎಸಳು. ತೌಡು ಎಲ್ಲಿ ಹೋಯಿತು? ನಮ್ಮ ಕಡೆಯ ಮನೆಗಳಲ್ಲಿ ಹೊಸ ಜೋಡಿಗೆ ಒಂದು ಬಾಗಿಲು ಸಿಗುವುದೇ ಕಷ್ಟ. ಪಡಸಾಲೆಯಲ್ಲಿ ಮಾವ ಕೆಮ್ಮುತ್ತಾನೆ, ಬೇಸಿಗೆಯಲ್ಲಿ ಇಡೀ ಮನೆಯೇ ಮಾಳಿಗೆ ಮೇಲೆ ಮಲಗುತ್ತದೆ. ಬಳೆ ಸದ್ದಾಗಬಾರದು ಅಂತ ಅವಳು ಕೈಯನ್ನು ಎಷ್ಟು ನಿಧಾನ ಎತ್ತುತ್ತಾಳೆ ಅನ್ನುವುದರಲ್ಲಿ ಇರುವ ಬಿಸಿ ನಿನ್ನ ಗುಲಾಬಿಯಲ್ಲಿ ಎಲ್ಲಿದೆ? ಯಾರೋ ಮಳೆ ವಿಷಯ ತೆಗೆದದ್ದು ನಾಚಿಕೆಗಲ್ಲ, ಬೇಸರಕ್ಕೂ ಇರಬಹುದು. ಬೇಜಾರಾಗಬೇಡ.

ಪದಗಳ ಕಷ್ಟ ನನಗೆ ಗೊತ್ತು. ಸಂಸ್ಕೃತ ಪದ ಹಾಕಿದರೆ ಹಳೆಯ ಗುಡಿಯ ಶಿಲ್ಪ ನೋಡಿ ವರದಿ ಬರೆದ ಹಾಗಿರುತ್ತದೆ. ಆಡುಮಾತು ಹಾಕಿದರೆ ಬಸ್ ಸ್ಟ್ಯಾಂಡಿನ ಬೈಗುಳ. ಇಂಗ್ಲಿಷ್ ಹಾಕಿದರೆ ಅಲ್ಲಿವರೆಗೆ ಗಂಗಾವತಿ ಕನ್ನಡ ಆಡುತ್ತಿದ್ದ ಹುಡುಗಿ ದಿಢೀರನೆ ಬೇರೆ ಯಾರೋ ಆಗಿಬಿಡುತ್ತಾಳೆ. ನಾನು ಮೊದಲ ಕಾದಂಬರಿಯಲ್ಲಿ ಇದಕ್ಕೆಲ್ಲ ಹೆದರಿ ದೀಪ ಆರಿಸಿದೆ, ಹೊರಗೆ ಜೋರು ಮಳೆ ಸುರಿಸಿದೆ. ಬಳ್ಳಾರಿಯಲ್ಲಿ, ಅದೂ ಮಾರ್ಚ್ ತಿಂಗಳಲ್ಲಿ! ಆಮೇಲೆ ನಿಧಾನಕ್ಕೆ ಗೊತ್ತಾಯಿತು. ಹೆಗಲು, ಕತ್ತು, ಉಸಿರು, ಬೆವರು, ಬಿಚ್ಚಿದ ಜಡೆ, ಇವು ಯಾವ ಮನೆಯಲ್ಲೂ ಆಡಬಹುದಾದ ಮಾತು. ಇವುಗಳಲ್ಲೇ ಬಹಳ ದೂರ ಹೋಗಬಹುದು.

ಬಾಗಿಲು ಹಾಕಿ ಹೊರಗೇ ನಿಲ್ಲುವ ಕಥೆಯೂ ತಪ್ಪಲ್ಲ. ಇಂಗ್ಲಿಷ್ ಪ್ರೇಮ ಕಾದಂಬರಿ ಓದುವವರು ಅದಕ್ಕೆ 'ಕ್ಲೋಸ್ಡ್ ಡೋರ್' ಅಂತಲೇ ಹೆಸರಿಟ್ಟಿದ್ದಾರೆ, ಅಂಥದ್ದನ್ನೇ ಹುಡುಕಿ ಓದುವವರೂ ಇದ್ದಾರೆ. ಅಂಥವರಿಗೆ ಮೋಸ ಆಗಬಾರದು. ಬೆನ್ನುಡಿಯಲ್ಲಿ ಒಂದು ಸಾಲಿನ ಸುಳಿವು ಕೊಡು. ಅವರವರ ಪುಸ್ತಕ ಅವರವರು ಆರಿಸಿಕೊಳ್ಳಲಿ.

ಇನ್ನು ಮುಂದೆ ಹತ್ತು ಜನರ ಮಧ್ಯೆ ಆ ಅಧ್ಯಾಯದ ಹೆಸರು ಎತ್ತಬೇಡ. "ಯಾಕ್ರಿ, ನಾಚಿಕೆನಾ?" ಅಂತ ಯಾರನ್ನೂ ಕೆಣಕಬೇಡ. ಹಾಗೆ ಕೆಣಕಿ ನಾನು ಒಳ್ಳೆಯ ಓದುಗಾರ್ತಿಯೊಬ್ಬಳನ್ನು ಕಳೆದುಕೊಂಡೆ. ಆಕೆ ಮತ್ತೆ ನನ್ನ ಯಾವ ಪುಸ್ತಕವನ್ನೂ ಕೇಳಲಿಲ್ಲ. ಒಬ್ಬೊಬ್ಬರೇ ಸಿಕ್ಕಾಗ, "ಓದುತ್ತಾ ಓದುತ್ತಾ ಎಲ್ಲಿ ಕೆಳಗಿಟ್ಟಿರಿ?" ಅಂತ ಕೇಳು. "ಎಲ್ಲೂ ಇಡಲಿಲ್ಲ" ಅಂದರೆ ಅಧ್ಯಾಯ ಉಳಿಸಿಕೊ. ಹದಿನಾಲ್ಕರಲ್ಲಿ ಇಟ್ಟೆ ಅಂದರೆ ಮೊದಲು ಗುಲಾಬಿ ಎಸಳು ಗುಡಿಸಿ ಹಾಕು.

ತಿದ್ದಿದ ಮೇಲೆ ನನಗೊಮ್ಮೆ ಕಳಿಸು. ಈಗ ಕಳಿಸಿದ ಪುಸ್ತಕ ನನ್ನ ತಲೆದಿಂಬಿನ ಪಕ್ಕದಲ್ಲೇ ಇದೆ. ಹೋದ ವರ್ಷದ ಕ್ಯಾಲೆಂಡರಿನ ಹಾಳೆ ಹರಿದು ಕವರ್ ಹಾಕಿದ್ದೇನೆ. ರಜೆಗೆ ಮೊಮ್ಮಗ ಬಂದಿದ್ದಾನೆ, ಸಿಕ್ಕಿದ್ದನ್ನೆಲ್ಲ ಜೋರಾಗಿ ಓದುವ ಚಟ ಅವನಿಗೆ.

ನಿನ್ನ
ಅಕ್ಕ